ಜೀಪಿನಲ್ಲಿ ಚೆಲ್ಲಿದ ತೇಜಾಬು

ನಾನು ಮೊಗುಡಂಪಲ್ಲಿ ಹತ್ತಿರದ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಒಂದು ಹಳೆಯ ಜೀಪಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಹೊಲದ ಕೆಲಸವಿಲ್ಲದ ದಿನ ನನ್ನ ಗಂಡ, ಅವರ ಅಣ್ಣ ಅಂದರೆ ನನ್ನ ಭಾವ, ಇಬ್ಬರೂ ಅದರಲ್ಲಿ ಜಹೀರಾಬಾದಿಗೆ ಮಂದಿಯನ್ನು ಒಯ್ದು ತರುತ್ತಿದ್ದರು. ಹಿಂದೆ ಜೋತುಬಿದ್ದವರನ್ನೂ ಸೇರಿಸಿದರೆ ಅರ್ಧ ಊರೇ ಒಂದು ಸಲಕ್ಕೆ ಹೋಗುತ್ತಿತ್ತು.

ಒಂದು ಸಂತೆಯ ದಿನ ವಾಪಸು ಬರುವಾಗ, ಊರಿನವರೊಬ್ಬರ ಟ್ರ್ಯಾಕ್ಟರ್ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಹಿಂದೆ ಇಟ್ಟಿದ್ದರು. ಕಟ್ಟಿರಲಿಲ್ಲ. ನನ್ನ ಕೂಸು ಕಾಲಡಿ ಮಡಿಸಿ ಹಾಸಿದ ಕೌದಿಯ ಮೇಲೆ ಮಲಗಿತ್ತು. ಹಳ್ಳ ದಾಟುವಾಗ ಗಾಲಿ ಕಲ್ಲು ಹತ್ತಿ ಇಳಿಯಿತು, ಬ್ಯಾಟರಿ ಮಗುಚಿತು. ಮೂಗು ಉರಿಯುವಂಥ ಹುಳಿ ವಾಸನೆ. ನೀರಿನಂಥದ್ದೇ ಒಂದು ಗೆರೆ ತಗಡಿನ ಮೇಲೆ ಕೌದಿಯ ಕಡೆಗೆ ಹರಿದು ಬರುವುದನ್ನು ಕಂಡು ಕೂಸನ್ನು ಎತ್ತಿಕೊಂಡೆ. ಕೌದಿಯ ಅಂಚು ತೊಯ್ದಿತು, ನನ್ನ ಸೀರೆಯ ಅಂಚೂ ತೊಯ್ದಿತು.

ಗಂಡ ಜೀಪು ನಿಲ್ಲಿಸಿ ಬ್ಯಾಟರಿಯನ್ನು ನೆಟ್ಟಗೆ ಮಾಡಿದರು, ಗೋಣಿಚೀಲದಿಂದ ಒರೆಸಿದರು, ಹಳ್ಳದಿಂದ ಒಂದು ಕೊಡ ನೀರು ತಂದು ಸುರಿದರು.

“ನೀರು ಬಿತ್ತಲ್ಲ, ಆತು. ಹತ್ರಿ ಎಲ್ಲಾರೂ.”

ನನಗೆ ಸಮಾಧಾನವಾಗಲಿಲ್ಲ. ನನ್ನ ತವರು ತಾಂಡೂರು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಬ್ಯಾಟರಿಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ಒಂದು ಪ್ಯಾಂಟೂ ತೂತಿಲ್ಲದೆ ಹಳತಾದದ್ದಿಲ್ಲ. ಆಸಿಡ್ಡಿಗೆ ಅವರು ತೇಜಾಬು ಅನ್ನುತ್ತಿದ್ದರು. “ನೀರಷ್ಟೇ ಆರ್ತದವ್ವ,” ಅನ್ನುತ್ತಿದ್ದರು, “ತೇಜಾಬು ಆರಂಗಿಲ್ಲ. ಅಲ್ಲೇ ಕುಂತು ತಿಂತದ.”

ಮರುದಿನ ಸೀರೆ ಒಗೆದಾಗ ತೊಯ್ದಿದ್ದ ಅಂಚು ಹಸಿ ಕಾಗದದಂತೆ ಕೈಗೆ ಬಂತು. ಕೌದಿಯನ್ನು ಬಿಸಿಲಿಗೆ ಹರವಿದೆ. ಕೂಸಿನ ಕಾಲಿದ್ದ ಕಡೆ ತೂತು ಬಿದ್ದಿತ್ತು. ಅದನ್ನು ಹಿಡಿದುಕೊಂಡೇ ಗಂಡನ ಹತ್ತಿರ ಹೋದೆ.

“ಏನ್ರಿ, ಜೀಪಿಗೆ ತಿನ್ನೋ ಸೋಡಾ ಕದಡಿದ ನೀರು ಹಾಕಿ ತೊಳೀಬೇಕ್ರಿ. ನಮ್ಮಪ್ಪ ಹಂಗೇ ಮಾಡ್ತಿದ್ರು.”

“ಇದು ಅರಿವಿ. ಅದು ಕಬ್ಬಣ ಅದ. ಏನ್ ಆಗ್ತದ?” ಎಂದು ನಕ್ಕರು.

ಆಮೇಲೆ ಮದುವೆಗಳ ಹಂಗಾಮು ಬಂತು, ಜೀಪು ಮನೆಯಲ್ಲಿ ನಿಂತ ದಿನವೇ ಇಲ್ಲ. ನಾನು ಎರಡು ಮೂರು ಸಲ ಹೇಳಿ ಸುಮ್ಮನಾದೆ. ಆದರೆ ಅದರಲ್ಲಿ ಕೂತಾಗೆಲ್ಲ ಕಾಲನ್ನು ಮೇಲೆತ್ತಿಕೊಂಡೇ ಕೂಡುತ್ತಿದ್ದೆ. ರಬ್ಬರ್ ಹಾಸಿನ ಕೆಳಗೆ ಏನೋ ಕರಕರ ಅನ್ನುತ್ತಿತ್ತು.

ನಾರಾಯಣಖೇಡದಲ್ಲಿ ನೆಂಟರ ಮದುವೆ. ಬೆಳಿಗ್ಗೆ ಹೆಂಗಸರು, ಮಕ್ಕಳು ಜೀಪು ತುಂಬಿ ಕೂತಿದ್ದರು. ಭಾವನ ಇಬ್ಬರು ಹೆಣ್ಣುಮಕ್ಕಳು ಹೂ ಮುಡಿದುಕೊಂಡು ಹಿಂದೆ ಕೂತಿದ್ದರು. ಗಂಡ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಸುರಿಯುವುದನ್ನು ಕಂಡೆ.

“ಮೊನ್ನೆರೆ ಹಾಕಿದ್ರಲ್ರಿ?”

“ಮತ್ತ ಕಮ್ಮಿ ಆಗ್ಯಾದ.”

“ಎಲ್ಲಿ ಹೋಗ್ತದ್ರಿ ಅದು?”

ಅವರು ಬಾನೆಟ್ ಮುಚ್ಚಿ, ಪಕ್ಕದಲ್ಲಿ ನಿಂತಿದ್ದ ಭಾವನ ಕಡೆ ನೋಡಿದರು. ಭಾವನ ಎದುರು ಸೊಸೆ ದನಿ ಎತ್ತುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಹಿಂದೆ ಹೋಗಿ ರಬ್ಬರ್ ಹಾಸಿನ ತುದಿ ಹಿಡಿದು ಎಳೆದೆ. ಅದು ಅಂಟಿಕೊಂಡಿತ್ತು. ಕಿತ್ತು ಬಂದಾಗ ಕೆಳಗಿನ ತಗಡು ಪದರು ಪದರಾಗಿ ಉಬ್ಬಿ, ಮೇಲೆ ಬಿಳಿ ಪುಡಿ ಕಟ್ಟಿತ್ತು. ಗಂಡ ಸ್ಕ್ರೂಡ್ರೈವರ್ ತಂದು ಒತ್ತಿದರು. ಅದು ಸಲೀಸಾಗಿ ಒಳಗೆ ಹೋಯಿತು. ಆ ತೂತಿನಲ್ಲಿ ನೆಲದ ಕೆಂಪು ಮಣ್ಣು ಕಂಡಿತು.

“ಲಗ್ನಕ್ಕ ಹೊಂಟಾಗ ಇದೇನು ಅಪಶಕುನ?” ಭಾವ ಸಿಟ್ಟಾದರು. “ತಗಡು ಹೋದ್ರ ಹೋಗ್ಲಿ. ಗಾಲಿ ನೆಟ್ಟಗ ಅವ ಇಲ್ಲೋ?”

ಗಂಡ ಜೀಪಿನ ಕೆಳಗೆ ನುಸುಳಿದರು. ಬಹಳ ಹೊತ್ತು ಅವರ ಕಾಲಷ್ಟೇ ಕಾಣುತ್ತಿತ್ತು. ಹೊರಗೆ ಬಂದಾಗ ಬೆರಳಿಗೆ ಬ್ರೇಕ್ ಆಯಿಲ್ ಹತ್ತಿತ್ತು.

“ಅಣ್ಣಾ, ಎಲ್ಲಾರ್ನೂ ಇಳಸು.”

ಮಂದಿ ಒಂದು ಲಾರಿ ಹಿಡಿದು ಹೋದರು. ಗಂಡ, ಭಾವ, ನಾನು, ಅತ್ತೆ ಉಳಿದೆವು. ಕೂಸನ್ನು ಅತ್ತೆಗೆ ಕೊಟ್ಟು ಒಳಗೇ ಇರಲು ಹೇಳಿದೆ. ಗಂಡ ಜೀಪಿನ ಬ್ಯಾಟರಿ ವೈರು ಬಿಚ್ಚಿ, ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಕಿರಾಣಿ ಅಂಗಡಿಯಿಂದ ತಂದ ತಿನ್ನುವ ಸೋಡಾವನ್ನು ಬಕೆಟ್ ನೀರಿನಲ್ಲಿ ಕದಡಿದರು. ನಾನು ಹೇಳುತ್ತಾ ಹೋದೆ.

“ಮುಖ ಹಿಂದಕ ಹಿಡೀರಿ, ಕಣ್ಣಿಗಿ ಸಿಡಿತದ. ಸಾವಕಾಶ ಸುರೀರಿ. ಬುರುಗು ಏಳ್ತದಂದ್ರ ತೇಜಾಬು ಇನ್ನೂ ಅದ ಅಂತ, ಅದು ನಿಲ್ಲೋತನಕ ಹಾಕ್ರಿ.”

ಸುರಿದ ಕೂಡಲೇ ಸುಸ್ಸೆಂದು ಬಿಳಿ ಬುರುಗು ಎದ್ದಿತು. ಚೆಲ್ಲಿದ ಜಾಗದಲ್ಲಷ್ಟೇ ಅಲ್ಲ. ಸೀಟಿನ ಬೋಲ್ಟಿನ ಬುಡದಲ್ಲಿ, ತಗಡು ಜೋಡಿಸಿದ ಸಂದಿಯಲ್ಲಿ, ನಾವು ಚೊಕ್ಕಟ ಇದೆ ಅಂದುಕೊಂಡ ಮೂಲೆಯಲ್ಲೂ ಎದ್ದಿತು. ಅಂದು ಸುರಿದ ಒಂದು ಕೊಡ ನೀರೇ ಅದನ್ನು ಅಲ್ಲಿಗೆಲ್ಲ ಒಯ್ದಿತ್ತು. ಅಷ್ಟು ವಾರ ನಮ್ಮ ಮಂದಿ ಅದರ ಮೇಲೆ ಕಾಲಿಟ್ಟು ನಗುತ್ತಾ ಹೋಗಿ ಬಂದಿದ್ದರು. ಭಾವ ದೂರ ನಿಂತು ನೋಡುತ್ತಿದ್ದರು. ಬುರುಗು ನಿಂತ ಮೇಲೆ ಕೊಡಗಟ್ಟಲೆ ನೀರು ಹಾಕಿ ತೊಳೆದು ಬಿಸಿಲಿಗೆ ಬಿಟ್ಟೆವು.

ಮರುದಿನ ಜಹೀರಾಬಾದಿನಿಂದ ಮಿಸ್ತ್ರಿ ಬಂದ. ಆ ತಗಡಿನ ಕೆಳಗೇ ಹಾದುಹೋಗಿದ್ದ ಬ್ರೇಕಿನ ಪೈಪು ಬಿಚ್ಚಿ ಎರಡು ಕೈಯಲ್ಲಿ ಬಗ್ಗಿಸಿದ. ಅದು ಒಣ ಕಡ್ಡಿಯಂತೆ ಮುರಿಯಿತು.

“ಭಾಯಿ, ನಾರಾಯಣಖೇಡ ದಾರ್ಯಾಗ ಮಂಜೀರಾ ಹೊಳಿಗಿ ಇಳೀಬೇಕಲ್ಲ,” ಅಂದ, “ಅಲ್ಲಿ ಜೋರಿಲೆ ಬ್ರೇಕ್ ಒತ್ತಿದ್ರ ಆತು, ಖತಂ.”

ಭಾವ ಅಲ್ಲೇ ಕಟ್ಟೆಯ ಮೇಲೆ ಕೂತರು. ಮಕ್ಕಳು ಆಗಷ್ಟೇ ಮದುವೆಯಿಂದ ಬಂದು ಅಂಗಳದಲ್ಲಿ ಬುಂದೆಯ ಪೊಟ್ಟಣ ಬಿಚ್ಚುತ್ತಿದ್ದರು. ಭಾವ ಅವರನ್ನೇ ನೋಡುತ್ತಿದ್ದರು.

ಹೊಸ ಪೈಪು ಕೂಡಿಸಿ, ತೂತಿಗೆ ತಗಡು ಹೊದಿಸಿ ಮಿಸ್ತ್ರಿ ಹೋದ. ಸಂಜೆಗೆ ಮುಂಚೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದು, ಒಳಗೆ ನಾನಿರುವುದು ಗೊತ್ತಿದ್ದೂ, ಅತ್ತೆಗೆ ಹೇಳಿದರು:

“ಅವ್ವಾ, ನಾಳಿಗಿ ಗಾಡಿ ತಗೀಬೇಕು. ಬಣ್ಣ ಹಚ್ಚೋ ಮೊದ್ಲ ಇನ್ನೊಮ್ಮಿ ನೋಡು ಅಂತ ಆಕಿಗಿ ಹೇಳು.”

ನಾನು ಚೊಂಬಿನಲ್ಲಿ ಸೋಡಾ ನೀರು ಕಲಸಿಕೊಂಡು ಹೋದೆ. ತಗಡು ಒಣಗಿ ಚೊಕ್ಕಟವಾಗಿ ಕಾಣುತ್ತಿತ್ತು. ಸಂದಿ ಸಂದಿಗೂ ಸ್ವಲ್ಪ ಸ್ವಲ್ಪ ಸುರಿದೆ. ಎಲ್ಲ ಕಡೆ ಸುಮ್ಮನಿತ್ತು. ಹಿಂದಿನ ಸೀಟಿನ ಕೆಳಗಿನ ಮೂಲೆಗೆ ಬಂದಾಗ, ಸಣ್ಣಗೆ, ಸುಸ್ಸೆಂದಿತು.

ಭಾವ ನನ್ನ ಹಿಂದೆಯೇ ನಿಂತು ಕೇಳಿಸಿಕೊಂಡರು. ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಮರುದಿನದ ಮಂದಿಗೆ ಗಾಡಿ ಬರೋದಿಲ್ಲ ಅಂತ ಹೇಳಲು ಹೊರಟರು.