ಹುಣಸೆ ಮರದ ಮಂಗಗಳೂ ನನ್ನ ತಮ್ಮನ ಎತ್ತೂ

ಜೋರಾಪುರ ಪೇಟೆಯ ನನ್ನ ಅಂಗಡಿಯ ಕಟ್ಟೆಗೆ ಈಗಲೂ ಜನ ಜಗಳ ಹೊತ್ತುಕೊಂಡು ಬರುತ್ತಾರೆ. ಅವರಿಗೆ ನಾನು ಹೇಳುವ ಬುದ್ಧಿ ಯಾರೂ ಕಲಿಸಿದ್ದಲ್ಲ. ತಿಕೋಟದ ದನದ ಸಂತೆಯ ಹುಣಸೆ ಮರದ ಕೆಳಗೆ ಕೂತು ಮಂಗಗಳನ್ನು ನೋಡಿ ಕಲಿತದ್ದು.

ದೊಡ್ಡ ಯುದ್ಧದ ವರ್ಷಗಳವು. ಸಕ್ಕರೆ, ಸೀಮೆಎಣ್ಣೆ ಎಲ್ಲ ರೇಷನ್ ಮೇಲೆ. ಘೋಣಸಗಿಯ ನಮ್ಮ ಮನೆಗೆ ಅಪ್ಪ ಬಿಟ್ಟುಹೋದದ್ದು ಒಂದಿಷ್ಟು ಹೊಲ ಮತ್ತು ಎರಡು ಎಳೆಯ ಹೋರಿ. ಹೊಲವನ್ನು ತಮ್ಮ ಹಿಡಿದ. ನಾನು ತಿಕೋಟ, ಬಬಲೇಶ್ವರ ಎಂದು ಸಂತೆ ತಿರುಗಿ, ದನದ ಹಲ್ಲು, ಗೊರಸು ನೋಡುವುದನ್ನು ಕಲಿತು ದಲಾಲನಾದೆ. ಹೋರಿಗಳು ಬೆಳೆದು ಜೋಡಿ ಎತ್ತಾದವು. ಒಂದನ್ನು ಬಿಟ್ಟು ಇನ್ನೊಂದು ನೀರಿಗೂ ಬಾಯಿ ಹಚ್ಚುತ್ತಿರಲಿಲ್ಲ.

ನಾವು ಬೇರೆಯಾದಾಗ ಹೊಲ ಸಲೀಸಾಗಿ ಹಂಚಿಹೋಯಿತು. ಎತ್ತು ಒಬ್ಬೊಬ್ಬರಿಗೆ ಒಂದೊಂದು. ಜಗಳ ಬಂದದ್ದು ಜೋಳದ ಮೇವಿನ ಬಣವೆಗಳಲ್ಲಿ. ಎರಡರಲ್ಲಿ ಒಂದು ದೊಡ್ಡದು, ಹಿರಿಯನೆಂದು ಅದನ್ನು ನಾನು ಕೇಳಿದೆ.

"ಮನ್ಯಾಗೂ ದಲಾಲಿ ಹಚ್ಚೀ ಏನಣ್ಣಾ?" ಎಂದ ತಮ್ಮ.

"ಹಚ್ಚದಿದ್ರ ನಿನ್ನಂಥಾ ಹುಂಬನ ಕೂಡ ಸಂಸಾರ ಸಾಗತಿತ್ತೇನ್ಲೇ?" ಎಂದೆ.

ಅಲ್ಲಿಗೆ ಮಾತು ನಿಂತಿತು. ಬಿತ್ತನೆಯಾಯಿತು, ಕಳೆ ತೆಗೆದದ್ದಾಯಿತು, ಜೋಡಿ ಹೂಡಬೇಕಾದಾಗ ನಾವಿಬ್ಬರೂ ಆಳುಗಳ ಮೂಲಕವೇ ಎತ್ತು ಕೊಟ್ಟು ತಂದೆವು. ನನ್ನ ಕಸುಬಿನ ಪ್ರಕಾರ ನಾನು ಹಿರಿಯರೊಬ್ಬರ ಕೈಯಲ್ಲಿ ಹೇಳಿ ಕಳಿಸಿದೆ: ಮೊದಲು ದಲಾಲಿಯ ಮಾತು ಹಿಂದೆ ತೆಗೆದುಕೊಳ್ಳಲಿ, ದೊಡ್ಡ ಬಣವೆ ಅವನಿಗೇ ಬಿಡುತ್ತೇನೆ. ವ್ಯಾಪಾರಿ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಮಾತುಕತೆ ಇರಲಿಲ್ಲ. ಅವನ ಉತ್ತರ ಬಂತು: "ಬಣವಿಗೆ ಬೆಂಕಿ ಬೀಳ್ಲಿ. ನನ್ನ ಎತ್ತ ಮಾರ್ತೀನಿ ಅಂತ ಹೇಳ್ರಿ ಅವಗ."

ಅವ್ವ ಒಲೆಯ ಮುಂದೆ ಕೂತು ಹೇಳಿದಳು: "ಎತ್ತಿನ ನೆವಕ್ಕರ ನಿಮ್ಮ ಆಳು ಈ ಮನಿಗೂ ಆ ಮನಿಗೂ ಅಡ್ಡಾಡ್ತಾವ. ಅದೂ ಹೋದ್ರ ಇನ್ನ ಯಾತಕ್ಕ ಬರ್ತಾನ ಯಪ್ಪಾ ಅಂವ?"

ಆ ದಿನಗಳಲ್ಲಿ ನನಗೆ ಗಿರಾಕಿಗಳ ಮೇಲೆ ಮನಸ್ಸಿರಲಿಲ್ಲ. ಹುಣಸೆ ಮರದ ಕೆಳಗೆ ಸುಮ್ಮನೆ ಕೂರುತ್ತಿದ್ದೆ. ಮರದಲ್ಲಿ ಒಂದು ಮಂಗಗಳ ಸಂಸಾರವಿತ್ತು. ಕರಿಮೂತಿಯ ಮುಸುವ ಅಲ್ಲ, ನೆತ್ತಿಯ ಮೇಲೆ ಬೈತಲೆ ತೆಗೆದು ಬಾಚಿದಂತೆ ಕೂದಲಿರುತ್ತದಲ್ಲ, ಆ ಸಣ್ಣ ಜಾತಿ. ಒಂದು ಸಂತೆಯ ದಿನ ನಿಡೋಣಿಯ ಮುದುಕ ರೈತನೊಬ್ಬ ನನ್ನ ಪಕ್ಕದಲ್ಲಿ ಗಂಟು ಬಿಚ್ಚಿಟ್ಟಿದ್ದ. ಎರಡು ಮರಿಗಳು, ಒಂದೇ ತಾಯಿಯವು ಇರಬೇಕು, ಅವನ ಸವತೆಕಾಯಿ ಹಾರಿಸಿಕೊಂಡು ಹೋಗಿ ಕಚ್ಚಾಡಿದವು. ದೊಡ್ಡದು ಸಣ್ಣದರ ಕಿವಿ ಕಚ್ಚಿ, ಕಾಯಿ ಕಸಿದು ತಿಂದುಬಿಟ್ಟಿತು. ಸಣ್ಣದು ದೂರದ ಟೊಂಗೆಯಲ್ಲಿ ಕೂತು ಬರಬರ ಮೈ ಕೆರೆದುಕೊಂಡಿತು. ತಿಂದದ್ದಕ್ಕೂ ನೆಮ್ಮದಿ ಇಲ್ಲ, ಅದೂ ಕೆರೆದುಕೊಂಡಿತು.

ಸ್ವಲ್ಪ ಹೊತ್ತಿಗೆ ದೊಡ್ಡದು ಸರಿಯುತ್ತ ಬಂದು, ಮುಖ ಬೇರೆ ಕಡೆ ಮಾಡಿ, ಮಗ್ಗುಲಲ್ಲಿ ಕೂತಿತು. ಲೊಚಲೊಚ ತುಟಿ ಬಡಿಯಿತು. ಸಣ್ಣದು ಕೇಳಿಸದವರ ಹಾಗೆ ಕೂತಿತ್ತು. ಆಮೇಲೆ ಮೆಲ್ಲಗೆ ಒಂದು ತೋಳೆತ್ತಿ ಕಂಕುಳು ತೋರಿಸಿತು. ದೊಡ್ಡದು ಅಲ್ಲಿನ ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕತೊಡಗಿತು.

"ಸವತಿಕಾಯಿ ನಂದು ಹೋತು, ಜಗಳಾ ಅವುಗಳದ್ದು ಮುಗೀತು. ಇದ್ಯಾವ ನ್ಯಾಯರಿ ದಲಾಲ್ರ?" ಎಂದ ಮುದುಕ.

ನಾನು ನಗಲಿಲ್ಲ. ನನ್ನ ದಂಧೆಯಲ್ಲಿ ಮೊದಲು ವ್ಯವಹಾರ ಮುಗಿಯಬೇಕು, ಆಮೇಲೆ ಕೈ ಹಿಡಿಯಬೇಕು. ಇವು ಕೈ ಮೊದಲು ಹಿಡಿದಿದ್ದವು. ಕಾಯಿ ಯಾರದೆಂದು ಯಾರೂ ತೀರ್ಮಾನಿಸಲಿಲ್ಲ, ತಾಯಿ ಸಹ. ಆಮೇಲಿನ ಸಂತೆಗಳಲ್ಲೂ ಕಣ್ಣಿಟ್ಟು ನೋಡಿದೆ. ಕೆಲವೊಮ್ಮೆ ಕಚ್ಚಿದ್ದು ಬರುತ್ತಿತ್ತು, ಕೆಲವೊಮ್ಮೆ ಕಚ್ಚಿಸಿಕೊಂಡದ್ದೇ. ಮೊದಲು ಬಂದದ್ದಕ್ಕೆ ಮಾನ ಹೋದಂತೆ ಕಾಣಲಿಲ್ಲ. ನೀವೂ ಒಮ್ಮೆ ಬಿಡುವು ಮಾಡಿಕೊಂಡು ನೋಡಿ, ಖರ್ಚೇನಿಲ್ಲ.

ಶ್ರಾವಣದ ಸಂತೆಗೆ ತಮ್ಮ ಎತ್ತು ಹೊಡೆದುಕೊಂಡು ಬಂದ. ಮೀರಜ ಕಡೆಯ ವ್ಯಾಪಾರಿಯೊಬ್ಬ ಆಗಲೇ ಅದರ ಬಾಯಿ ತೆರೆದು ಹಲ್ಲು ನೋಡುತ್ತಿದ್ದ. ನಾನು ಹೋಗಿ ತಮ್ಮನ ಮಗ್ಗುಲಲ್ಲಿ ನಿಂತೆ. ಅವನ ಮುಖ ನೋಡಲಿಲ್ಲ, ಎತ್ತಿನ ಬಾಲ ನೋಡಿದೆ. ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತೇವೆ. ಹಾಗೆ ಚಾಚಿದ ಕೈಯನ್ನು ವೈರಿಯೂ ಬೇಡ ಅನ್ನುವಂತಿಲ್ಲ. ನಾನು ವಲ್ಲಿ ಹಾಕಿದೆ, ತಮ್ಮ ಕೈ ಕೊಟ್ಟ.

ಒಂದು ಬೆರಳನ್ನೂ ನಾನು ಒತ್ತಲಿಲ್ಲ. ಇಡೀ ಅಂಗೈ ಹಿಡಿದುಕೊಂಡೆ. ನೇಗಿಲ ಮೇಳಿ ಹಿಡಿದು ಗಂಟುಗಟ್ಟಿದ ಅಂಗೈ. ಅವನು ದರ ತಿಳಿಯಲು ನೋಡಿದ, ತಿಳಿಯಲಿಲ್ಲ.

"ಎಷ್ಟಂತ ತಿಳೀವಲ್ದು," ಎಂದ ಕೊನೆಗೆ. ಅಷ್ಟು ದಿನಗಳ ಮೇಲೆ ಮೊದಲ ಮಾತು.

"ತಿಳಿಯೂದು ಏನೂ ಇಲ್ಲೋ. ಹಿಡ್ಕೊಂಡೇನಿ, ಅಷ್ಟ."

ವ್ಯಾಪಾರಿಗೆ ತಾಳ್ಮೆ ತಪ್ಪಿತು. "ಏನ್ರೀ, ಒಂದ ಎತ್ತಿಗೆ ಇಷ್ಟೊತ್ತೇನ್ರಿ? ಬೆರಳ ಸಿಕ್ಕೊಂಡಾವೇನು?"

ತಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಅವನ ಮೂಗಿನ ತುದಿ ಕೆಂಪಾಗಿತ್ತು. "ಎತ್ತ ಕೊಡೂದಿಲ್ರಿ," ಎಂದ ವ್ಯಾಪಾರಿಗೆ. ನನ್ನ ಕಡೆ ತಿರುಗಿ, "ಆದ್ರ ದೊಡ್ಡ ಬಣವಿ ನಂದ, ನೋಡಣ್ಣಾ."

"ಅದನ್ನ ದಾರ‍್ಯಾಗ ಮಾತಾಡೂಣು, ನಡಿ."

ಘೋಣಸಗಿ ಮುಟ್ಟುವವರೆಗೂ ಇಬ್ಬರೂ ಗಂಟಲು ಹರಿದುಕೊಂಡು ಬಣವೆಯ ಬಗ್ಗೆ ಜಗಳಾಡಿದೆವು. ದೀಪಾವಳಿಯವರೆಗೂ ಅದು ಬಗೆಹರಿಯಲಿಲ್ಲ. ಅಷ್ಟರಲ್ಲಿ ಮತ್ತೆ ಒಂದೇ ಕೊಟ್ಟಿಗೆಯಲ್ಲಿ ನಿಂತ ಎತ್ತುಗಳೆರಡೂ ಸೇರಿ ದೊಡ್ಡ ಬಣವೆಯನ್ನು ತಿಂದು ಸಣ್ಣದು ಮಾಡಿದ್ದವು.