ಮೂರು ಸಲ ಕೇಳಿ ಒಂದು ಸಾಲು

ಈ ವರ್ಷ ಬಂದ ಹೊಸ ಆಲ್ಬಮ್‌ಗಳ ಬಗ್ಗೆ ನನಗೆ ಹೇಳಲಿಕ್ಕಿದ್ದದ್ದು ಒಂದೇ ಮಾತು: ಪೊಳ್ಳು. ಚೆನ್ನೈನ ಮೂವರು ಹುಡುಗಿಯರ ಪಂಕ್ ಬ್ಯಾಂಡ್ ಹದಿನಾಲ್ಕು ನಿಮಿಷದಲ್ಲಿ ಒಂಬತ್ತು ಹಾಡು ಮುಗಿಸಿ ಎದ್ದು ಹೋಗಿತ್ತು. ಪಂಕ್‌ಗೆ ಬೇಕಾದ ಸಿಟ್ಟೇನೋ ಅಸಲಿಯೇ, ಆದರೆ ಹಾಡಿಗೆ ಮೈಯೇ ಇರಲಿಲ್ಲ. ಇಂಗ್ಲೆಂಡಿನ ಇನ್ನೊಂದು ಬ್ಯಾಂಡ್ ಹಾಡುವುದನ್ನೇ ಬಿಟ್ಟು ನಲವತ್ತು ನಿಮಿಷ ಬಾಡಿಗೆ ಮನೆಯ ಬಗ್ಗೆ ಗೊಣಗಿತ್ತು. ಗೊಣಗಾಟ ಕೇಳಬೇಕೆಂದರೆ ನನಗೆ ನಮ್ಮ ಸ್ಟಾಫ್ ರೂಮೇ ಸಾಕು. ಯಾವ ಕಂಪನಿಯ ಹಂಗೂ ಇಲ್ಲದ ಶಿಲ್ಲಾಂಗಿನ ಇಂಡೀ ತಂಡದ್ದು ಸ್ವಲ್ಪ ಹಿಡಿಸಿತು, ಅದೂ ಐದನೆಯ ಹಾಡಿನವರೆಗೆ. ಆಮೇಲೆ ಅವರಿಗೂ ಬೇಜಾರಾಯಿತೋ ನನಗೆ ಬೇಜಾರಾಯಿತೋ, ಉಳಿದದ್ದು ನೆನಪಿಲ್ಲ. ನಮ್ಮ ಬೆಂಗಳೂರಿನ ಹುಡುಗರಂತೂ ಈಗ ಪಕ್ಕದ ಮನೆಯವರಿಗೆ ಎಚ್ಚರವಾದೀತೆಂದು ಹೆದರಿಕೊಂಡೇ ಹಾಡುತ್ತಾರೆ. ಹಳೆಯ ಆಲ್ಬಮ್ ಒಂದನ್ನು ಹಾಕಿಕೊಂಡರೆ ಮಾತ್ರ ಕಿವಿ ತುಂಬುತ್ತಿತ್ತು. ನೋಡಿ, ಆಗಿನ ಕಾಲದ ಕೆಲಸ ಅಂದರೆ ಇದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಾನು ಕೆಂಗೇರಿಯ ಹೈಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಡುವವಳು. ವಯಸ್ಸು ನಲವತ್ತಾರು, ಮನೆ ವಿಜಯನಗರ. ಸೀರೆ ಉಟ್ಟು, ಉತ್ತರ ಪತ್ರಿಕೆಗಳ ಚೀಲ ಹಿಡಿದು ಮೆಟ್ರೋದಲ್ಲಿ ಕೂತ ಈ ಹೆಂಗಸಿನ ಕಿವಿಯಲ್ಲಿ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದಾರೆಂದು ಎದುರಿನವರಿಗೆ ಗೊತ್ತಾಗುವುದಿಲ್ಲ. ಮನೆಯವರ ಪೈಕಿ ಇದನ್ನು ಹಂಚಿಕೊಳ್ಳಲು ನನಗೆ ಇದ್ದವನು ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಒಬ್ಬನೇ. ಅವನು ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಮದುವೆ ಕಾರ್ಡು ಅಚ್ಚು ಹಾಕಿಸುವ ಕೆಲಸ ಮಾಡುತ್ತಾನೆ, ದೀಪಾಂಜಲಿ ನಗರದಲ್ಲಿ ಇರುತ್ತಾನೆ. ಅವನ ಕಿವಿಗೆ ಮೊದಲ ಪಂಕ್ ಹಾಡು ತುರುಕಿದವಳು ನಾನೇ. ಆಗ ಅವನು ಆರನೆಯ ಕ್ಲಾಸು.

ಆಗಿನಿಂದಲೂ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇದೆ. ಹೊಸದೇನು ಬಂದರೂ ಇಯರ್‌ಫೋನಿನಲ್ಲಿ ಮೂರು ಸಲ ಪೂರ್ತಿ ಕೇಳಬೇಕು. ಸ್ಪೀಕರ್ ಆಗುವುದಿಲ್ಲ, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಒಂದೇ ಸಾಲಿನಲ್ಲಿ ಅಭಿಪ್ರಾಯ ಹೇಳಬೇಕು. ಕೇಳಿದವರು ಅದಕ್ಕೆ ಕಾರಣ ಕೇಳಬಾರದು, ವಾದ ಮಾಡಬಾರದು. ಇಬ್ಬರೂ ಜಗಳಗಂಟರಾದ್ದರಿಂದ ಮಾಡಿಕೊಂಡ ನಿಯಮ ಅದು. ಇಪ್ಪತ್ತೇಳು ವರ್ಷದಿಂದ ಇಬ್ಬರೂ ಮುರಿದಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ನಾಲ್ಕು ಹಾಡು ಕಳಿಸಿದ. ಅವನೂ ಮೂವರು ಗೆಳೆಯರೂ ಕೆಂಗೇರಿಯಲ್ಲಿ ಕೋಣೆಯೊಂದನ್ನು ಹಿಡಿದು ವರ್ಷವಿಡೀ ಭಾನುವಾರ ಭಾನುವಾರ ಕೂತು ಮಾಡಿದ ಕನ್ನಡದ ಪಂಕ್ ಹಾಡುಗಳು. ಒಬ್ಬ ಡ್ರಮ್ಸ್, ಒಬ್ಬ ಬಾಸ್, ಇನ್ನೊಬ್ಬ ಹಾಡುತ್ತಲೇ ಗಿಟಾರ್ ನುಡಿಸುವವನು, ಎರಡನೆಯ ಗಿಟಾರ್ ನನ್ನ ತಮ್ಮ. ಹೊರಗೆ ಬಿಡುವ ಮುಂಚೆ ನಾನು ಕೇಳಬೇಕೆಂದು ಕಾದಿದ್ದ. ಮೂವತ್ತೆಂಟು ವರ್ಷದವನು, ಜೀವನದಲ್ಲಿ ತನಗೋಸ್ಕರ ಅಂತ ಮಾಡಿದ ಒಂದೇ ಕೆಲಸ ಅದು.

ಸ್ಕೂಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಒಮ್ಮೆ ಕೇಳಿದೆ. ಪರೀಕ್ಷೆ ಪತ್ರಿಕೆಗಳ ರಾಶಿ, ಸಿಲಬಸ್ ಮುಗಿದಿಲ್ಲವೆಂಬ ತಕರಾರು, ಮೈಯೆಲ್ಲ ನೋವು. ಹಾಡುಗಳು ಕೆಟ್ಟದಾಗಿರಲಿಲ್ಲ. ಮಾತುಗಳು ಚೆನ್ನಾಗಿದ್ದವು, ಹಾಡುವವನ ಗಂಟಲಿನಲ್ಲಿ ಕೆಚ್ಚಿತ್ತು. ಆದರೆ ತಮ್ಮನ ಗಿಟಾರ್ ಎಲ್ಲಿ? ಇದ್ದೂ ಇಲ್ಲದಂತೆ ಇತ್ತು, ಅಷ್ಟೇ. ತಮ್ಮನೆಂದು ರಿಯಾಯಿತಿ ತೋರಿಸಿದರೆ ಇಷ್ಟು ವರ್ಷದ ಪದ್ಧತಿಗೆ ಏನು ಬೆಲೆ ಎಂದುಕೊಂಡೆ. ಕೈ ಒರೆಸಿಕೊಂಡು ಮೆಸೇಜು ಹಾಕಿದೆ: ‘ನಿನ್ನ ಗಿಟಾರ್ ಇಲ್ಲದೇ ಇದ್ರೂ ಈ ಹಾಡುಗಳಿಗೆ ಏನೂ ಕಡಿಮೆ ಆಗ್ತಿರ್ಲಿಲ್ಲ.’

‘ಸರಿ ಅಕ್ಕ’ ಎಂದು ಉತ್ತರ ಬಂತು. ನಾನು ನಿದ್ದೆ ಹೋದೆ.

ಅದಾಗಿ ಮೂರು ವಾರ ಕಳೆದಿರಬೇಕು. ಸ್ಕೂಲಿನ ಕಾರಿಡಾರಿನಲ್ಲಿ ಎಡಗೈ ತುಂಬ ಪುಸ್ತಕವಿತ್ತು, ಹುಡುಗಿಯೊಬ್ಬಳ ತಾಯಿಯ ಫೋನ್ ಬಂತು. ಎಂದೂ ಇಲ್ಲದೆ ಫೋನನ್ನು ಬಲಗಿವಿಗೆ ಇಟ್ಟುಕೊಂಡೆ. ಹಲೋ, ಹಲೋ ಎಂದೆ. ಆ ಕಡೆಯಿಂದ ಸದ್ದೇ ಇಲ್ಲ. ಕಟ್ ಮಾಡಿದೆ. ಮತ್ತೆ ಮಾಡಿದರು, ಮತ್ತೆ ಅದೇ. ಮೂರನೆಯ ಸಲ ಪುಸ್ತಕ ಕೆಳಗಿಟ್ಟು ಎಡಗಿವಿಗೆ ಹಿಡಿದೆ. ‘ಮೇಡಂ, ಆಗ್ಲಿಂದ ಮಾತಾಡ್ತಾನೇ ಇದೀನಿ, ನಿಮಗೆ ಕೇಳಿಸ್ತಾ ಇಲ್ವಾ?’ ಎಂದರು ಆಕೆ.

ಮನೆಗೆ ಬಂದು ಇಯರ್‌ಫೋನನ್ನು ಅದಲು ಬದಲು ಮಾಡಿ ಹಾಕಿಕೊಂಡೆ. ಯಾವುದನ್ನು ಹಾಕಿದರೂ ಬಲಗಡೆ ಮೌನ. ಡಾಕ್ಟರು ಪರೀಕ್ಷೆ ಮಾಡಿಸಿ, ‘ಬಲಗಿವಿ ಹೆಚ್ಚು ಕಡಿಮೆ ಹೋಗಿದೆ ಅಮ್ಮ. ನಿಧಾನಕ್ಕೆ ಹೋಗಿರೋದ್ರಿಂದ ನಿಮಗೆ ಗೊತ್ತಾಗಿಲ್ಲ’ ಎಂದರು. ಅಮ್ಮ ಎಂದದ್ದಕ್ಕೆ ಸಿಟ್ಟು ಬಂತು. ಅಷ್ಟು ಬಿಟ್ಟರೆ ಬೇರೇನೂ ತೋಚಲಿಲ್ಲ.

ತೋಚಿದ್ದು ಮಾರನೆಯ ದಿನ, ಮೆಟ್ರೋದಲ್ಲಿ. ಎರಡು ಗಿಟಾರ್ ಇರುವ ಬ್ಯಾಂಡುಗಳು ಒಂದನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಹಂಚುತ್ತವೆ. ಡ್ರಮ್ಸು, ಬಾಸು, ಗಂಟಲು ಎರಡೂ ಕಡೆ ಬರುತ್ತವೆ. ಇಷ್ಟು ಕಾಲ ನಾನು ಪೊಳ್ಳು, ಮೈಯಿಲ್ಲ ಎಂದು ಬೈದ ಆಲ್ಬಮ್‌ಗಳನ್ನೆಲ್ಲ ಅರ್ಧವಷ್ಟೇ ಕೇಳಿದ್ದೆ. ಹಾಗಾದರೆ ಹಳೆಯವು ಯಾಕೆ ತುಂಬಿಕೊಂಡು ಕೇಳುತ್ತಿದ್ದವು? ಅವು ನನಗೆ ಬಾಯಿಪಾಠ. ಬಲಗಡೆಯ ಗಿಟಾರನ್ನು ನಾನೇ ನೆನಪಿನಿಂದ ನುಡಿಸಿಕೊಳ್ಳುತ್ತಿದ್ದೆ. ಆ ಚೆನ್ನೈ ಹುಡುಗಿಯರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಇಂಗ್ಲೆಂಡಿನವರಿಗೆ ಕೇಳಲಿಲ್ಲ, ಗೊಣಗಾಟಕ್ಕೆ ಒಂದು ಕಿವಿ ಧಾರಾಳ. ಅಷ್ಟರಲ್ಲಿ ತಮ್ಮನ ನೆನಪಾಯಿತು: ಎರಡನೆಯ ಗಿಟಾರ್ ಅವನದು, ಬಲಗಡೆಯದು.

ಭಾನುವಾರ ಬೆಳಿಗ್ಗೆಯೇ ದೀಪಾಂಜಲಿ ನಗರಕ್ಕೆ ಹೋದೆ. ಭಾನುವಾರದ ಹೊತ್ತಿನಲ್ಲಿ ಅವನು ಮನೆಯಲ್ಲಿ ಇರುವವನೇ ಅಲ್ಲ. ಲುಂಗಿ ಸುತ್ತಿಕೊಂಡು ಬಟ್ಟೆ ಒಣಹಾಕುತ್ತಿದ್ದ.

‘ಕೆಂಗೇರಿಗೆ ಹೋಗ್ಲಿಲ್ವೇನೋ?’ ಎಂದೆ.

‘ಇಲ್ಲ ಅಕ್ಕ. ಅವರೀಗ ಮೂರೇ ಜನ. ಹಾಡುಗಳು ಶುಕ್ರವಾರ ಹೊರಗೆ ಬಂದ್ವು. ನೀನು ಹೇಳಿದ ಹಾಗೇ ನನ್ನ ಗಿಟಾರ್ ತೆಗೆದುಬಿಟ್ವಿ. ನಿನಗೆ ಕಳಿಸೋಣ ಅಂದ್ಕೊಂಡೆ, ಆಮೇಲೆ ಯಾಕೋ ಸುಮ್ನಾದೆ.’

ನಾನು ಬಾಯಿ ತೆರೆಯುವ ಮುಂಚೆಯೇ ಇಯರ್‌ಫೋನ್ ಕೈಗಿಟ್ಟ. ಬೇಡವೆನ್ನಲು ಆಗಲಿಲ್ಲ. ಮೊದಲ ಹಾಡು ಪೂರ್ತಿ ಕೇಳಿದೆ. ನನ್ನ ತಮ್ಮ ಇಲ್ಲದ ಹಾಡು. ಮೊದಲು ಕೇಳಿದ್ದಕ್ಕೂ ಇದಕ್ಕೂ ನನಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕೇಳಿಸಲಿಲ್ಲ. ಎಂದೂ ಆಗದಷ್ಟು ನಾಚಿಕೆಯಾಯಿತು.

‘ನನ್ನ ಬಲಗಿವಿ ಹೋಗಿದೆ ಕಣೋ,’ ಎಂದೆ. ‘ನೀನು ಹಾಡು ಕಳಿಸಿದಾಗ್ಲೇ ಹೋಗಿತ್ತು. ನನಗೆ ಗೊತ್ತಿರ್ಲಿಲ್ಲ.’

‘ಡಾಕ್ಟ್ರು ಏನಂದ್ರು? ನೋವಿದೆಯಾ?’ ಎಂದು ಕೇಳಿದ. ಬೈದಿದ್ದರೇ ಚೆನ್ನಾಗಿತ್ತು. ನಾನು ಅಳಲಿಕ್ಕೆ ಶುರು ಮಾಡಿದೆ. ಅವನು ಫೋನಿನಲ್ಲಿ ಏನೋ ಹುಡುಕಿ, ಇಯರ್‌ಫೋನನ್ನು ತಿರುವುಮುರುವಾಗಿ ನನ್ನ ಕಿವಿಗೆ ಸಿಕ್ಕಿಸಿ, ಹಳೆಯ ರೆಕಾರ್ಡಿಂಗ್ ಹಾಕಿದ.

ಎಡಗಿವಿಯಲ್ಲಿ ಅವನು ಬಂದ. ಒರಟಾಗಿ, ತಾಳಕ್ಕೆ ಎಳ್ಳಷ್ಟು ಹಿಂದೆ, ಹಾಡುವವನ ಪ್ರತಿ ಸಾಲಿಗೂ ಅಡ್ಡ ಮಾತಾಡುತ್ತಾ. ಹಾಡಿನ ಸಿಟ್ಟೆಲ್ಲ ಅಲ್ಲಿತ್ತು. ನಾಲ್ಕೂ ಹಾಡು ಪೂರ್ತಿ ಕೇಳಿದೆ.

‘ನೀನಿಲ್ಲದೆ ಈ ಹಾಡುಗಳು ನಿಲ್ಲೋದೇ ಇಲ್ಲ ಕಣೋ,’ ಎಂದೆ.

‘ಅವರು ಮೂರು ಜನಾನೂ ಅದನ್ನೇ ಹೇಳಿದ್ರು ಅಕ್ಕ,’ ಎಂದ. ‘ಹದಿನೈದು ದಿನ ಬಿಡಲೇ ಇಲ್ಲ. ನಮ್ಮಕ್ಕನ ಕಿವಿ ಸುಳ್ಳಾಗಲ್ಲ ಅಂತ ನಾನೇ ಜಗಳ ಆಡಿ ತೆಗೆಸ್ದೆ.’