ಗೊಂಬೆ ಕೈ ಚಾಚಿದ್ದು ಯಾವುದಕ್ಕೆ

"ಕೂರಿಸಿದ ಕಡೆ ಕೂತಿರುತ್ತೆ ಪಾಪ, ಗೊಂಬೆ ಹಾಗೆ," ಅನ್ನುತ್ತಿದ್ದರು ಅಕ್ಕಪಕ್ಕದವರು. ಅದೇ ಹೆಸರು ನಿಂತುಬಿಟ್ಟಿತು. ಮೂವತ್ತು ದಾಟಿದ ಹೆಣ್ಣು. ಬಾಯಿಗೆ ಮಾತಿಲ್ಲ, ಕೂತದ್ದು ಗಾಲಿಕುರ್ಚಿಯಲ್ಲಿ, ಹೇಳಿದ ಹಾಗೆ ಕೇಳುವುದು ಬಲಗೈ ಒಂದೇ.

ಈ ಗೊಂಬೆಗೆ ಎಂಥ ಸಿಟ್ಟು ಬರುತ್ತದೆನ್ನುವುದು ತಾಯಿಗೆ ಗೊತ್ತು. ಒಗ್ಗದ ಕೆಲಸ ಕೊಟ್ಟರೆಂದು ಕಿರುಚಿ ರಂಪ ಮಾಡಿ, ಕೆಲಸಕ್ಕೆ ಸೇರಿಸಿದ ಎರಡು ಕಡೆಯಿಂದ ವಾಪಸಾದವಳು. ಉಳಿದದ್ದು ಇಂಥವರಿಗೆಂದೇ ಇರುವ ಒಂದು ಕಾರ್ಯಾಗಾರ. ಅಲ್ಲೇ ಕೆಲಸ, ಅಲ್ಲೇ ವಾಸ. ಇದೂ ಕೈತಪ್ಪಿದರೆ ಜನ್ಮವಿಡೀ ಮನೆಯ ಕಿಟಕಿ ಮುಂದೆ ಕೂರುವುದೇ ಗತಿ. ಅವಳನ್ನು ಎತ್ತಿ ಇಳಿಸಿ ತಾಯಿಯ ಸೊಂಟ ಬೇರೆ ಕೈಕೊಡುತ್ತಿತ್ತು.

ಕಾರ್ಯಾಗಾರದ ಟೀಚರಮ್ಮ ಮನೆಗೇ ಬಂದರು. ತಂದದ್ದನ್ನು ಮೇಜಿನ ಮೇಲಿಟ್ಟರು: ಒಂದು ಕಡೆ ಮಡಚಲಿಕ್ಕೆ ಟವೆಲು, ಇನ್ನೊಂದು ಕಡೆ ಕಾಗದ ಚೂರು ಮಾಡುವ ಯಂತ್ರ. ಗೊಂಬೆಯ ಕೈ ಯಾವುದಕ್ಕೆ ಹೋಗುತ್ತದೋ ಅಲ್ಲಿ ಅವಳಿಗೆ ಆ ಕೆಲಸ. ಗೊಂಬೆ ತಾಯಿಯ ಕಡೆ ನೋಡಿದಳು, ಟವೆಲು ಮುಟ್ಟಿದಳು. ಜಾಗ ಅದಲುಬದಲು ಮಾಡಿದರೂ ಟವೆಲೇ.

"ನೋಡಿದ್ರಾ! ಮಡಚೋದು ನಾನೇ ಕಲ್ಸಿದ್ದು."

"ಅಮ್ಮಾ, ನೀವು ಸ್ವಲ್ಪ ಹೊರಗೆ ಹೋಗ್ತೀರಾ?"

"ಯಾಕಮ್ಮ, ನಾನೇನು ಕಚ್ತೀನಾ?"

"ಟವೆಲು ಕಂಡ್ರೆ ನಿಮ್ಮ ಮುಖ ಅರಳುತ್ತೆ. ಅವಳು ಅದನ್ನೇ ನೋಡಿ ಮುಟ್ತಿದ್ದಾಳೆ."

ತಾಯಿ ಬುಸುಗುಟ್ಟುತ್ತ ಹೋಗಿ ಬಾಗಿಲ ಹಿಂದೆ ನಿಂತಳು. ಒಳಗೆ ಸದ್ದಿಲ್ಲ. ಆಮೇಲೆ ಗರ್‍ರ್ ಅಂತು ಯಂತ್ರ. ಕಿರುಚ್ತಾಳೆ, ಈಗ ಕಿರುಚ್ತಾಳೆ ಅಂತ ತಾಯಿ ಬಾಗಿಲಿಗೆ ಕಿವಿಯಿಟ್ಟಳು. ಒಳಗಿನಿಂದ ಬಂದದ್ದು ಇನ್ನೇನೋ ಸದ್ದು. ಅತ್ತಳೋ ಏನೋ ಎಂದು ತಡೆಯಲಾರದೆ ಬಾಗಿಲು ತಳ್ಳಿದಳು.

ಗೊಂಬೆ ನಗುತ್ತಿದ್ದಳು! ಬಲಗೈ ಇನ್ನೊಂದು ಹಾಳೆಯನ್ನು ಯಂತ್ರದ ಬಾಯಿಗೆ ಒಯ್ಯುತ್ತಿತ್ತು. ತಾಯಿಯನ್ನು ಕಂಡದ್ದೇ ನಗು ಆರಿತು. ಹಾಳೆ ಜಾರಿತು. ಕೈ ಮೆಲ್ಲಗೆ ಟವೆಲಿನ ಕಡೆ ತಿರುಗಿತು.

"ನನ್ನ ನೋಡ್ಬೇಡ ಕಣೇ," ಅಂದಳು ತಾಯಿ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹಾಗೇ ನಿಂತಳು. ಎಷ್ಟು ಹೊತ್ತಾದರೂ ಏನೂ ಕೇಳಿಸದು. ಬೆರಳ ಸಂದಿಯಿಂದ ನೋಡೋಣವೆನ್ನಿಸಿತು, ನೋಡಲಿಲ್ಲ.

ಗರ್‍ರ್.

ಕಾರ್ಯಾಗಾರಕ್ಕೆ ಹೊರಡುವ ದಿನ ಅಕ್ಕಪಕ್ಕದವರೆಲ್ಲ ಬಂದರು. "ಅಮ್ಮನ್ನ ಬಿಟ್ಟು ಇರ್ತಾಳಾ ಇವಳು?"

"ಅಲ್ಲಿ ಅವಳ ಯಂತ್ರದ ಗದ್ದಲ ಇದೆ, ಇರ್ತಾಳೆ," ಅಂದಳು ತಾಯಿ.

ಹೊಸಿಲು ದಾಟಿದ್ದೇ ಗೊಂಬೆ ಕತ್ತು ಹೊರಳಿಸಿ ತಾಯಿಯ ಮುಖ ಹುಡುಕಿದಳು. ಕುರ್ಚಿ ತಳ್ಳುತ್ತಿದ್ದ ತಾಯಿ ಅದರ ಹಿಂದೆ ಬಗ್ಗಿಬಿಟ್ಟಳು, ನೋಯುವ ಸೊಂಟವನ್ನೂ ಲೆಕ್ಕಿಸದೆ. ಒಂದು ಗಳಿಗೆ ಹುಡುಕಿದ ಗೊಂಬೆ ಮುಂದಕ್ಕೆ ತಿರುಗಿ, ಕಾದು ನಿಂತಿದ್ದ ಕಾರ್ಯಾಗಾರದ ವ್ಯಾನಿನ ತೆರೆದ ಬಾಗಿಲಿಗೆ ಕೈ ಚಾಚಿದಳು.